ಛತ್ರಿಯ ಕೆಳಗಿನ ಮೂರನೆಯವರು

ಜೂನ್ 8, ಭಾನುವಾರ

ರವಿ ಇವತ್ತು ತಮ್ಮ ಸ್ವಂತ ಮನೆಯನ್ನೇ ಕಳ್ಳನ ಹಾಗೆ ಸುತ್ತು ಹಾಕಿದರು. ಕೈ ಹಿಂದೆ ಕಟ್ಟಿಕೊಂಡು, ತಲೆ ಎತ್ತಿ, ಮೊದಲು ನೀರಿನ ಟ್ಯಾಂಕು, ಆಮೇಲೆ ತಗಡಿನ ಸೂರು, ಆಮೇಲೆ ರಸ್ತೆಯ ಕಡೆಗೆ ಚಾಚಿಕೊಂಡ ಬೇವಿನ ಕೊಂಬೆ. ಒಂದೊಂದರ ಕೆಳಗೂ ನಿಂತು "ಇದು ಬಿದ್ದರೆ?" ಅನ್ನುವುದು. ಕೊನೆಗೆ ನನ್ನನ್ನೂ ಹಾಗೇ ನೋಡಿದರು. ನಾನು ಬೀಳುವುದಿಲ್ಲ, ಹೋಗಿ ಸ್ನಾನ ಮಾಡಿ ಅಂದೆ.

ಇದಕ್ಕೆಲ್ಲಾ ಕಾರಣ ಅವರ ಕಾರ್ಖಾನೆಯ ಓಂಕಾರಪ್ಪನವರು. ಅವರ ಮನೆಯ ತೆಂಗಿನ ಮರದಿಂದ ಕಾಯಿ ಉದುರಿ ದಾರಿಯಲ್ಲಿ ಹೋಗುತ್ತಿದ್ದವನೊಬ್ಬನ ಭುಜ ಮುರಿಯಿತು. ಮೊದಲು ಆತ ಓಂಕಾರಪ್ಪನವರು ಒಯ್ದ ಹಣ್ಣು ತಗೊಂಡು ನಗುನಗುತ್ತಲೇ ಮಾತಾಡಿದನಂತೆ. ಆಮೇಲೆ ವಕೀಲರ ನೋಟಿಸು ಬಂತು. ಈಗ ಓಂಕಾರಪ್ಪನವರು ಸೈಟು ಮಾರಲು ಓಡಾಡುತ್ತಿದ್ದಾರೆ. ರವಿಗೆ ಆವತ್ತಿನಿಂದ ಊಟ ಸೇರುತ್ತಿಲ್ಲ. ನಾವು ದಾವಣಗೆರೆ ಕಡೆಯಿಂದ ಕೆಜಿಎಫ್‌ಗೆ ಬಂದವರು. ಕ್ವಾರ್ಟರ್ಸಿನಲ್ಲೇ ಅರ್ಧ ಆಯಸ್ಸು ಕಳೆದು, ಕೂಡಿಟ್ಟಿದ್ದನ್ನೆಲ್ಲಾ ಸುರಿದು ಗಣಿ ಕಾಲದ ಈ ಹಳೇ ಮನೆ ಕೊಂಡವರು. ಮಕ್ಕಳಿಲ್ಲ. ನಮಗೆ ಅಂತ ಇರುವುದು ಈ ಮನೆ ಒಂದೇ. ಅದನ್ನೂ ಯಾರಾದರೂ ನೋಟಿಸು ಕೊಟ್ಟು ಕಿತ್ತುಕೊಂಡರೆ ಅನ್ನುವ ಭಯ ಈಗ ನನಗೂ ಅಂಟಿಕೊಂಡಿದೆ.

ನಮ್ಮ ಕಾಂಪೌಂಡು ದೊಡ್ಡದು. ಬೇವಿನ ಬುಡದಲ್ಲಿ ಅರಿಶಿನ ಬಳಿದ ಕಲ್ಲೊಂದಿದೆ. ಮನೆಯ ಜೊತೆಗೇ ಬಂದ ದೇವಿ. ತಮಿಳರ ಆಡಿ ತಿಂಗಳ ಶುಕ್ರವಾರಗಳಲ್ಲಿ ಬೀದಿಯವರೆಲ್ಲಾ ಒಳಗೆ ಬಂದು, ದೊಡ್ಡ ಹಂಡೆಯಲ್ಲಿ ರಾಗಿ ಕೂಳು ಕಾಯಿಸಿ ಬಂದವರಿಗೆಲ್ಲಾ ಹುಯ್ಯುತ್ತಾರೆ. ಕೂಳು ಅಂದರೆ ನಮ್ಮ ಕಡೆಯ ಅಂಬಲಿ. ಎದುರು ಮನೆಯ ಮಾರಿಯಮ್ಮ ಅದಕ್ಕೆಲ್ಲಾ ಯಜಮಾನಿ. ಹೊರಗಿನವರು ಅಷ್ಟೊಂದು ಜನ ಗೇಟು ದಾಟಿ ಬರುವುದು ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ರವಿ ಸಂಜೆ ಹೋಗಿ ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ ತಂದರು.

ಗೇಟಿನ ಒಳಗೆ ಮೋರಿ ಮುಚ್ಚಿದ ಚಪ್ಪಡಿ ಕಾಲಿಟ್ಟರೆ ಅಲ್ಲಾಡಿ ‘ಟಕ್’ ಅನ್ನುತ್ತದೆ. ಯಾರು ಬಂದರೂ ಅಡುಗೆಮನೆಗೆ ಕೇಳುತ್ತದೆ, ಬೆಲ್ಲೇ ಬೇಕಾಗಿಲ್ಲ. ಆದರೂ ಗಾರೆ ಕೆಲಸದ ವೇಣುಗೆ ಹೇಳಬೇಕು.

ಜೂನ್ 14, ಶನಿವಾರ

ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲೆ ಸುಮಿತಾ ಅನ್ನುವ ವಿಮೆ ಏಜೆಂಟ್ ಹುಡುಗಿಯ ಆಫೀಸು. ರವಿಗೆ ಡ್ಯೂಟಿ, ಆದ್ದರಿಂದ ನಾನೊಬ್ಬಳೇ ಹೋದೆ. ಬಾಯಿ ತೆಗೆದರೆ ಆಂಟಿ ಅನ್ನುತ್ತಾಳೆ. ಸ್ವಲ್ಪ ಹೊತ್ತು ಸಹಿಸಿಕೊಂಡೆ, ಆಮೇಲೆ ಅಭ್ಯಾಸವಾಯಿತು.

"ನಿಮ್ಮನೆಗೆ ಬೆಂಕಿ ಬಿತ್ತು, ಕಳ್ಳ ಬಂದ, ಅದು ನಿಮಗಾದ ನಷ್ಟ. ಅದಕ್ಕೊಂದು ವಿಮೆ. ನಿಮ್ಮಿಂದ ಬೇರೆಯೋರಿಗೆ ಪೆಟ್ಟಾಯ್ತು, ಅವರು ಬಂದು ನಿಮ್ಮನ್ನ ಕೇಳ್ತಾರೆ, ಅದು ಹೊಣೆ. ಅದಕ್ಕೆ ಇನ್ನೊಂದು. ನೀವು ಬಂದಿರೋದು ಎರಡನೇದಕ್ಕೆ ಆಂಟಿ."

ಕಾರಿನಿಂದ ಯಾರಿಗಾದರೂ ಗಾಯವಾದರೆ ಕಾರಿನ ವಿಮೆ ನೋಡಿಕೊಳ್ಳುತ್ತದಂತೆ. ಮನೆಯ ಪಾಲಿಸಿಯಲ್ಲೂ ಹೊಣೆಯ ಸಣ್ಣ ಭಾಗವೊಂದನ್ನು ಸೇರಿಸಬಹುದು, ಆದರೆ ದೊಡ್ಡ ಪೆಟ್ಟಿಗೆ ಅದು ಸಾಲದು. ಅದು ಮುಗಿದ ಮೇಲೆ, ಮಿಕ್ಕಿದ್ದನ್ನು ಹೊರುವುದಕ್ಕೆ ಅಂಬ್ರೆಲಾ ಪಾಲಿಸಿ. ನಮ್ಮಂಥ ಮನೆಗಳಿಗೆ ಅದನ್ನು ಕೊಡುವ ಕಂಪನಿಗಳೇ ಕಡಿಮೆ, ಹುಡುಕಬೇಕು ಅಂದಳು. ನನಗೆ ಅರ್ಥವಾಗಲಿ ಅಂತ ಕಾಫಿ ತರಿಸಿ, ಲೋಟ ತುಂಬಿ ಕೆಳಗಿನ ಬಟ್ಟಲಿಗೆ ಚೆಲ್ಲುವ ತನಕ ಹುಯ್ದಳು. ಲೋಟ ಮನೆಯ ಪಾಲಿಸಿ. ಚೆಲ್ಲಿದ್ದನ್ನು ಹಿಡಿಯುವ ಬಟ್ಟಲು ಅಂಬ್ರೆಲಾ.

"ಹಾಗಾದ್ರೆ ಬಟ್ಟಲು ಅಂತಲೇ ಹೆಸರಿಡಬಹುದಿತ್ತಲ್ಲಮ್ಮ, ಛತ್ರಿ ಯಾಕೆ?"

"ಹೆಸರಿಟ್ಟೋರು ಕಾಫಿ ಕುಡೀತಿರ್ಲಿಲ್ಲ ಅನ್ಸುತ್ತೆ ಆಂಟಿ."

ಲೋಟ ಇಲ್ಲದವರಿಗೆ ಬಟ್ಟಲು ಕೊಡುವುದಿಲ್ಲ. ಮನೆಯ ಪಾಲಿಸಿ ಕಟ್ಟುವುದು ತಪ್ಪಿಸಿದರೆ ಅದರ ಪಾಲನ್ನು ನಾವೇ ತುಂಬಬೇಕು. ಬೇಕೆಂದೇ ಮಾಡಿದ ಕೇಡಿಗೆ ಏನೂ ಸಿಗುವುದಿಲ್ಲ. ಮನೆಯವರಿಗೆ, ಸಂಬಳದ ಆಳಿಗೆ ಪೆಟ್ಟಾದರೂ ಸಿಗುವುದಿಲ್ಲ, ಮೂರನೆಯವರಿಗಾದರೆ ಮಾತ್ರ. ಮೂರನೆಯವರು ಯಾರು ಅಂತ ಕೇಳಿದೆ.

"ನೀವು ಒಂದು, ಕಂಪನಿ ಎರಡು. ಮಿಕ್ಕ ಲೋಕವೆಲ್ಲಾ ಮೂರನೇದು."

ಆಟೋದಲ್ಲಿ ಕೂತು ಮಿಕ್ಕ ಲೋಕವನ್ನು ನೋಡುತ್ತಾ ಮನೆಗೆ ಬಂದೆ. ಹೂ ಮಾರುವವರು, ಸ್ಕೂಟರಿನವರು, ತರಕಾರಿ ಚೀಲ ಹೊತ್ತವರು, ಎಲ್ಲರೂ ನಮ್ಮ ಅಂಗಳದಲ್ಲಿ ಬಂದು ಬೀಳಲು ಹೊರಟವರ ಹಾಗೆ ಕಂಡರು.

ಜೂನ್ 19, ಗುರುವಾರ

ಮಧ್ಯಾಹ್ನ ಕಣ್ಣು ಹತ್ತಿತು. ಬೇವಿನ ಕಾಂಡವೇ ಛತ್ರಿಯ ಕೋಲಾಗಿತ್ತು. ಮೇಲೆ ಕಪ್ಪು ಬಟ್ಟೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು. ಮನೆ, ಬೀದಿ, ಆಚೆಗೆ ಸೈನೈಡ್ ದಿಬ್ಬಗಳು, ಗಣಿಯವರು ಚಿನ್ನ ತೆಗೆದು ಎಸೆದ ಮಣ್ಣಿನ ಆ ಬೋಳು ಗುಡ್ಡಗಳ ಮೇಲೂ ನೆರಳು ಬಿತ್ತು. ನಾನೊಬ್ಬಳೇ ಕೋಲು ಹಿಡಿದುಕೊಂಡಿದ್ದೆ. ಕಾಲ ಕೆಳಗೆ ಹಳೆಯ ಸುರಂಗಗಳಲ್ಲಿ ನೀರು ಓಡಾಡುವ ಸದ್ದು. ಗಾಳಿ ಬಂತು, ಕಾಲು ನೆಲ ಬಿಟ್ಟಿತು. ಯಾರನ್ನಾದರೂ ಕರೆಯೋಣವೆಂದರೆ ಗೇಟಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲೇ ಇದೆ, ಆದರೆ ಕೈ ಎರಡೂ ಕೋಲಿನ ಮೇಲೆ.

‘ಟಕ್’ ಅಂತು, ಎಚ್ಚರವಾಯಿತು. ಹಗಲು ಗೇಟಿಗೆ ಬೀಗ ಹಾಕುವುದಿಲ್ಲವಲ್ಲ. ಮಾರಿಯಮ್ಮ ಬಟ್ಟಲಲ್ಲಿ ಇಡ್ಲಿ ತಂದಿದ್ದರು. ಆಕೆ ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಇಡ್ಲಿ ಮಾರುತ್ತಾರೆ. ಉಳಿದದ್ದಲ್ಲ, ನಿನಗೇಂತ ತೆಗೆದಿಟ್ಟಿದ್ದು ಅಂದರು. ಸುಳ್ಳಿರಬಹುದು. ಮೆತ್ತಗಿತ್ತು.

ಜೂನ್ 23, ಸೋಮವಾರ

ಆಷಾಢ ಬರುವ ಮುಂಚೆ ಮುಗಿಸಿಬಿಡೋಣ ಅಂತ ರವಿ ರಜೆ ಹಾಕಿ ನನ್ನ ಜೊತೆ ಬಂದರು. ಸುಮಿತಾ ಮನೆಯ ಪಾಲಿಸಿಯ ಜೊತೆಗೆ ಎರಡು ಅಂಬ್ರೆಲಾ ಪಾಲಿಸಿ ಹುಡುಕಿಟ್ಟಿದ್ದಳು. ಒಂದು ಅಗ್ಗ, ಆದರೆ ಅಂಗಳದಲ್ಲಿ ಜನ ಸೇರಿದಾಗ ಆದದ್ದಕ್ಕೆ ಅದು ಬರುವುದಿಲ್ಲ. ಇನ್ನೊಂದಕ್ಕೆ ಪ್ರೀಮಿಯಂ ಜಾಸ್ತಿ; ದುಡ್ಡು ತಗೊಳ್ಳದೆ ಸೇರಿಸಿದ ಜನಕ್ಕೂ ಅದು ಆಗುತ್ತದೆ.

"ಅಗ್ಗದ್ದೇ ಸಾಕು. ಆಡಿ ತಿಂಗಳು ಗೇಟಿಗೆ ಬೀಗ ಹಾಕಿಬಿಡೋಣ," ಅಂದರು ರವಿ.

ನಾನು ಎರಡನೆಯದು ಅಂದೆ. ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಮಾರಿಯಮ್ಮನ ಬಟ್ಟಲು ಇನ್ನೂ ನಮ್ಮ ಮನೆಯಲ್ಲೇ ಇತ್ತು. ಖಾಲಿ ಬಟ್ಟಲು ಹೇಗೆ ಕೊಡುವುದು ಅಂತ ಇಟ್ಟುಕೊಂಡಿದ್ದೆ, ಅದು ತಲೆಯಲ್ಲಿತ್ತೋ ಏನೋ. ಸುಮಿತಾ ಕೂಳಿನ ವಿಷಯ ಪೂರ್ತಿ ಕೇಳಿ ಬರೆದುಕೊಂಡಳು. ಮುಚ್ಚಿಟ್ಟರೆ ಆಮೇಲೆ ತೊಂದರೆಯಂತೆ. ಮನೆಯಲ್ಲಿ ಎಷ್ಟು ಜನ? ಇಬ್ಬರು. ಸಂಬಳದವರು? ಇಲ್ಲ. ಕೂಳು ಕಾಯಿಸಲು ಬರುವವರು?

"ಅವರೆಲ್ಲಾ ಹೊರಗಿನವರು," ಅಂದೆ.

ಎರಡನೆಯದಕ್ಕೇ ಸಹಿ ಹಾಕಿ, ಆಮೇಲೆ ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿಂದೆವು. ಅಲ್ಲಿಯ ಪಾನಿ ನೋಡಲು ಬರೀ ನೀರಿನ ಹಾಗೆ ತಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ರವಿ ಮೂಗು ಒರೆಸಿಕೊಳ್ಳುತ್ತಾ ಬಹಳ ದಿನದ ಮೇಲೆ ನಕ್ಕರು. ಬರುವಾಗ ಮರದ ಕೆಳಗೆ ನಿಂತು ಮೇಲೆ ನೋಡಲಿಲ್ಲ.

ಜುಲೈ 6, ಭಾನುವಾರ

ವೇಣು ಸಿಮೆಂಟು, ಕರಣೆ ಹಿಡಿದು ಬಂದ. ರವಿ ಗೇಟಿನಲ್ಲೇ ತಡೆದರು. ಆಷಾಢದಲ್ಲಿ ಮನೆ ಕೆಲಸ ಹಿಡಿಯಬಾರದಂತೆ. ಚಪ್ಪಡಿ ಕೂರಿಸುವುದು ಮನೆ ಕಟ್ಟುವುದೇನಲ್ಲ ಅಂದೆ. ನೆಲ ಅಗೆದರೆ ಅಗೆದ ಹಾಗೇ ಅಂದರು. ಕಾರ್ಖಾನೆಯಲ್ಲಿ ಆನೆಯಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಮನುಷ್ಯ ಒಂದು ಚಪ್ಪಡಿಯ ಮುಂದೆ ತಮ್ಮ ಅಜ್ಜಿಯಾಗಿಬಿಟ್ಟರು. ನಾನೂ ಜಾಸ್ತಿ ವಾದಿಸಲಿಲ್ಲ. ಆ ‘ಟಕ್’ ಹೋದರೆ ಮನೆ ಮೂಕವಾಗುತ್ತದೆ ಅನ್ನುವುದು ನನ್ನ ಒಳಮನಸ್ಸು.

ಸಂಜೆ ಮಾರಿಯಮ್ಮ ಅಂಗಳ ಕೇಳಲು ಬಂದರು. ಪ್ರತಿ ವರ್ಷವೂ ಬಾಗಿಲಲ್ಲೇ ನಿಂತು ಕೇಳುವುದು ಅವರ ಪದ್ಧತಿ.

"ಅರ್ಚನಮ್ಮಾ, ಆಡಿ ಬತ್ತೈತೆ. ಗೇಟು ತೆಗೀತೀಯಾ, ಇಲ್ಲಾ ಆ ದಪ್ಪ ಬೀಗ ಆಕ್ತೀಯಾ?"

"ತೆಗೀತೀನಿ, ಬನ್ನಿ. ಈಗ ನಮಗೆ ಛತ್ರಿ ಇದೆ."

"ಮಳೇನೇ ಇಲ್ಲ, ಛತ್ರಿ ಯಾಕಮ್ಮಾ?"

ವಿವರಿಸಿದೆ. ನಿಮ್ಮಲ್ಲಿ ಯಾರಿಗಾದರೂ ಇಲ್ಲಿ ಪೆಟ್ಟಾದರೆ ಕಂಪನಿ ಕೊಡುತ್ತದೆ ಅಂದೆ. ಆಕೆ ಸೆರಗು ಬಾಯಿಗಿಟ್ಟು ನಕ್ಕರು. "ನಮ್ಗೆ ಕಂಪ್ನಿ ಅಂದ್ರೆ ಗಣಿ ಕಂಪ್ನಿ. ಅದು ಮುಚ್ಕೊಂಡು ಓಗಿ ಎಷ್ಟೋ ಕಾಲ ಆಯ್ತು. ನೀನು ಯಾವ್ದೋ ಒಸಾದು ಇಟ್ಕೊಂಡಿದ್ದೀಯ."

ಬಟ್ಟಲಿಗೆ ಚಿತ್ರಾನ್ನ ತುಂಬಿ ಕೊಟ್ಟೆ.

ಜುಲೈ 18, ಶುಕ್ರವಾರ

ಆಡಿಯ ಮೊದಲ ಶುಕ್ರವಾರ. ಬೆಳಗ್ಗೆ ಎದ್ದಾಗ ಅಂಗಳ ಹೊಗೆಯಲ್ಲಿ ತೇಲುತ್ತಿತ್ತು. ಹೊಗೆಯೊಳಗೆ ಹಳದಿ ಸೀರೆಗಳು ಓಡಾಡುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ. ಗಾಳಿ ಜೋರು, ಬೇವಿನೆಲೆ ಉದುರಿ ಹಂಡೆಯೊಳಗೆ ಬೀಳುತ್ತಿತ್ತು, ಯಾರೂ ತೆಗೆಯುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ಯಾರೂ ಏನನ್ನೂ ಬೀಳಿಸದ ಹಾಗೆ ನೋಡಿಕೊಳ್ಳುತ್ತೇನೆ ಅಂತ ರವಿಗೆ ಮಾತು ಕೊಟ್ಟಿದ್ದೆ. ಹೊತ್ತು ಹೋದದ್ದು ತಿಳಿಯಲಿಲ್ಲ. ನೋಡಿದರೆ ಹೊರಗೆ ಮಣೆಯ ಮೇಲೆ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದೇನೆ. ಯಾರು ಕರೆದರು, ಯಾವಾಗ ಹೋದೆ, ನೆನಪಿಲ್ಲ.

ಮಾರಿಯಮ್ಮ ಕಲ್ಲಿನ ಮುಂದೆ ಮೊದಲ ಚೊಂಬು ಹುಯ್ದು, ಎರಡನೆಯದನ್ನು ನನಗೆ ಕೊಟ್ಟರು. ಮಜ್ಜಿಗೆ ಬೆರೆಸಿದ ಕೂಳು, ಹುಳಿ ಹುಳಿ, ತಂಪು. ರವಿ ಡ್ಯೂಟಿಯಿಂದ ಬಂದು ಎರಡು ಲೋಟ ಕುಡಿದು, ಮಲಗಿ, ಗೊರಕೆ ಹೊಡೆದರು.

ಜುಲೈ 26, ಶನಿವಾರ

ಮೊನ್ನೆಗೆ ನಮ್ಮ ಆಷಾಢ ಮುಗಿಯಿತು. ಇವತ್ತು ವೇಣು ಬಂದ, ರವಿ ಒಪ್ಪಿದರು. ಈಗ ಮಾರಿಯಮ್ಮ ಬೀದಿ ದಾಟಿ ಓಡಿ ಬಂದರು.

"ನಿಮ್ದು ಮುಗೀತು, ನಮ್ದು ಈಗ ನಡೀತೈತೆ. ಅಮ್ಮ ಬಂದು ಕುಂತಿರೋ ಜಾಗ ಕಣಮ್ಮಾ. ಆಡಿ ಕಳೆಯೋಗಂಟ ಇಲ್ಲಿ ಗುದ್ದಲಿ ಆಕ್ಬಾರ್ದು."

ವೇಣುವೂ ಕರಣೆ ಕೆಳಗಿಟ್ಟು ಬೇವಿಗೆ ಕೈ ಮುಗಿದ. ನಮ್ಮ ತಿಂಗಳು, ಅವರ ತಿಂಗಳು, ಎರಡರ ನಡುವೆ ಈ ಚಪ್ಪಡಿಗೆ ಒಂದು ಒಳ್ಳೆಯ ದಿನ ಸಿಗಲಿಲ್ಲ. ನನಗೊಂದು ಉಪಾಯ ಹೊಳೆಯಿತು. ಚಪ್ಪಡಿಯ ಮೇಲೆ ತುಂಬ ರಂಗೋಲಿ ಹಾಕಿದೆ. ರಂಗೋಲಿ ಯಾರೂ ತುಳಿಯುವುದಿಲ್ಲವಲ್ಲ. ಸಂಜೆಯವರೆಗೂ ಎಲ್ಲರೂ ಬಳಸಿಕೊಂಡೇ ನಡೆದರು. ಬುದ್ಧಿವಂತೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗಸ್ಟ್ 1, ಶುಕ್ರವಾರ

ಮಾರಿಯಮ್ಮ ಬಿದ್ದರು.

ಕೂಳು ಹುಯ್ದು ಮುಗಿದಿತ್ತು. ಹಂಡೆ ತೊಳೆದ ನೀರಿಗೆ ಬೆಳಗ್ಗೆ ಹಾಕಿದ್ದ ರಂಗೋಲಿ ಕೊಚ್ಚಿಹೋಗಿತ್ತು. ಖಾಲಿ ಹಂಡೆ ಸೊಂಟಕ್ಕಿಟ್ಟುಕೊಂಡು ಗೇಟಿನ ಕಡೆ ಹೋದರು. ಅಡುಗೆಮನೆಗೆ ‘ಟಕ್’ ಅಂತ ಕೇಳಿತು. ಯಾರೋ ಬಂದರು ಅಂದುಕೊಂಡೆ.

ತೊಡೆಯ ಮೂಳೆ ಮುರಿದಿದೆ. ನಮ್ಮ ಕಾರಿನಲ್ಲೇ ಬಂಗಾರಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಮಗಳು ಇಂದ್ರಾಣಿ ದಾರಿಯುದ್ದಕ್ಕೂ ಅಮ್ಮನ ತಲೆ ಹಿಡಿದುಕೊಂಡಿದ್ದಳು. ಇನ್ನು ಬರೆಯಲು ಆಗುತ್ತಿಲ್ಲ.

ಆಗಸ್ಟ್ 2, ಶನಿವಾರ

ಸುಮಿತಾಗೆ ಫೋನು ಮಾಡಿದೆ. ಪಾಪ, ಮೊದಲು ಅಜ್ಜಿ ಹೇಗಿದ್ದಾರೆ ಅಂತ ಕೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಆಂಟಿ, ತಪ್ಪು ನಮ್ಮದು ಅಂತ ಎಲ್ಲೂ ಒಪ್ಕೋಬೇಡಿ. ಖರ್ಚೆಲ್ಲಾ ನಾವೇ ಕೊಡ್ತೀವಿ ಅಂತ ಮಾತು ಕೊಡ್ಬೇಡಿ. ಕಂಪನಿಯೋರನ್ನ ಕೇಳದೆ ಹಾಗೆ ಮಾಡಿದ್ರೆ ಪಾಲಿಸಿ ಕೈ ಬಿಡುತ್ತೆ. ಷರತ್ತಿನಲ್ಲೇ ಇದೆ."

ನಮ್ಮಲ್ಲಿ ಗೊತ್ತಿಲ್ಲದೆ ಒಬ್ಬರಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಮೂಳೆ ಮುರಿದದ್ದಕ್ಕೆ ಬಾಯಿ ಹೊಲಿದುಕೊಂಡು ಕೂರಬೇಕಂತೆ. "ಅವಳು ಹೇಳಿದ ಹಾಗೇ ಮಾಡು," ಅಂದರು ರವಿ. ಅವರ ಕಣ್ಣ ಮುಂದೆ ಓಂಕಾರಪ್ಪನವರ ಸೈಟು.

ಆಗಸ್ಟ್ 5, ಮಂಗಳವಾರ

ಊರಿಗಾಂ ಸ್ಟೇಷನ್ನಿನಿಂದ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ರೈಲು ತೂಗುತ್ತಿತ್ತು. ಹೊರಗೆ ರಾಗಿ ಹೊಲ, ಬಂಡೆ, ಮತ್ತೆ ರಾಗಿ ಹೊಲ. ಈ ರೈಲು ಯಾವ ಊರನ್ನೂ ಮುಟ್ಟದೆ ಹೀಗೇ ಹೋಗುತ್ತಿರಲಿ ಅನಿಸಿತು.

ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಸಕ್ಕರೆ ಕಾಯಿಲೆ ಏರಿದೆ, ಇಳಿದ ಮೇಲೆ ಆಪರೇಷನ್ನು. ನಾನು ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಾಯಿ ತೆಗೆದರೆ ತಪ್ಪು ನಮ್ಮದು ಅನ್ನುವ ಮಾತೇ ಬರುತ್ತದೆ ಅಂತ ಬಾಯಿ ತೆಗೆಯಲಿಲ್ಲ. ಕೊನೆಗೆ ಮಾರಿಯಮ್ಮನೇ ಕೇಳಿದರು.

"ಕೋಪಾನಾ ಅರ್ಚನಮ್ಮಾ? ನಿನ್ ಮನೇಲಿ ಬಿದ್ದು ನಿಂಗೆ ಕೆಟ್ಟ ಎಸರು ತಂದೆ."

ತಲೆ ಅಲ್ಲಾಡಿಸಿದೆ, ಎದ್ದು ಬಂದೆ. ಹಣ್ಣಿನ ಚೀಲವನ್ನೂ ವಾಪಸು ತಂದುಬಿಟ್ಟಿದ್ದೇನೆ. ನಾನು ಎಂಥ ಹೆಂಗಸು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಪೂಜೆ ಮುಗಿಸಿ, ಹೋಳಿಗೆ ಬೇಡ ಸಕ್ಕರೆ ಇದೆ ಅಂತ ಕೋಸಂಬರಿ ಕಟ್ಟಿಕೊಂಡು ಹೋದೆ. ತಲೆಗೆ ಹೂ ಮುಡಿಸಿದೆ. ಆಮೇಲೆ ಹೇಳಿದೆ. ತಪ್ಪು ಅನ್ನುವ ಪದ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿದೆ.

"ಆ ಚಪ್ಪಡಿ ಅಲ್ಲಾಡ್ತಿತ್ತು. ನನಗೆ ಜೂನಿನಿಂದಲೇ ಗೊತ್ತಿತ್ತು. ಸರಿ ಮಾಡಿಸಲಿಲ್ಲ. ರಂಗೋಲಿ ಹಾಕಿ ಸುಮ್ಮನಾದೆ."

"ಸರಿ ಮಾಡ್ಬೇಡ ಅಂದೋಳು ನಾನಲ್ವಾ? ವೇಣೂನ ತಡೆದೋಳು ನಾನೇ. ಇನ್ನು ನೀನ್ಯಾಕ್ ಅಳ್ತೀಯ," ಅಂದರು. ನಾನು ಅಳುತ್ತಿರುವುದು ಆಗ ಗೊತ್ತಾಯಿತು.

ಹೊರಗೆ ಬಂದು ಸುಮಿತಾಗೆ ಹೀಗೆ ಹೇಳಿಬಿಟ್ಟೆ ಅಂತ ಫೋನು ಮಾಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆದದ್ದನ್ನು ಆದ ಹಾಗೆ ಹೇಳುವುದು ಬೇರೆ, ಹೊಣೆ ಒಪ್ಪಿಕೊಳ್ಳುವುದು ಬೇರೆ, ಕಂಪನಿಯವರಿಗೂ ಹೀಗೇ ಹೇಳಿ ಅಂದಳು. ಇಷ್ಟು ಸಣ್ಣ ಸಂದು ಇತ್ತು ಅಂತ ಗೊತ್ತಿದ್ದರೆ ಮೊನ್ನೆಯೇ ನುಸುಳುತ್ತಿದ್ದೆ.

ಆಗಸ್ಟ್ 12, ಮಂಗಳವಾರ

ಡಾಕ್ಟರು ಆಪರೇಷನ್ನು ಬೇಗ ಆಗಬೇಕು ಅನ್ನುತ್ತಾರೆ. ಇಲ್ಲದಿದ್ದರೆ ಕಾಲು ಗಿಡ್ಡವಾಗುತ್ತದೆ, ನಿಲ್ಲುವುದಕ್ಕೇ ಆಗದಿರಬಹುದು. ನಿಂತೇ ಮಾಡುವ ಇಡ್ಲಿ ವ್ಯಾಪಾರ. ಮಾರಿಯಮ್ಮ ಮಾತ್ರ ಬೇಡ ಅನ್ನುತ್ತಾರೆ. ಅಷ್ಟು ಖರ್ಚು ಯಾರು ಮಾಡೋದು, ಪುತ್ತೂರಿನ ನಾಟಿ ವೈದ್ಯರ ಕಟ್ಟು ಕಟ್ಟಿಸಿಕೊಂಡು ಮನೆಯಲ್ಲಿ ಬಿದ್ದಿರುತ್ತೇನೆ ಅಂತ ಹಟ. ಆ ಕಟ್ಟು ಈ ಮುರಿತಕ್ಕೆ ಸಾಲದು ಅಂತ ಡಾಕ್ಟರು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ಛತ್ರಿ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಸುಮಿತಾ ಇವತ್ತು ಇನ್ನೊಂದು ಷರತ್ತು ಬಿಡಿಸಿ ಹೇಳಿದಳು. ಬಿದ್ದವರು ಸುಮ್ಮನಿದ್ದರೆ ಕಂಪನಿ ಒಂದು ಕಾಸೂ ಬಿಚ್ಚುವುದಿಲ್ಲ. ನಿಮ್ಮ ಮನೆಯಿಂದ ನನಗೆ ಹೀಗಾಯಿತು, ನೀವೇ ಹೊಣೆ, ಕೊಡಿ ಅಂತ ಮಾರಿಯಮ್ಮ ನಮ್ಮ ಮೇಲೆ ಬರೆದು ಕೇಳಬೇಕು. ಅದೂ ನಾನು ಬರೆದುಕೊಡುವ ಹಾಗಿಲ್ಲ.

ಓಂಕಾರಪ್ಪನವರಿಗೆ ಬೇಡದೆ ಬಂದ ನೋಟಿಸು ನಮಗೆ ಬೇಕೆಂದರೂ ಬರುವ ಹಾಗೆ ಕಾಣುತ್ತಿಲ್ಲ.

ಆಗಸ್ಟ್ 14, ಗುರುವಾರ

ಬೇಡಿಕೊಂಡೆ.

"ನಮ್ ಮೇಲೆ ಬರೆದು ಕೇಳಿ ಮಾರಿಯಕ್ಕ. ನೋಟಿಸು ಕೊಡಿ."

"ಅಯ್ಯಯ್ಯೋ! ನಿಂಗೆ ಕೂಳು ಕೊಟ್ಟ ಕೈಯಾಗೆ ನಿನ್ ಮ್ಯಾಲೆ ಕಂಪ್ಲೇಂಟ್ ಕೊಡ್ಲಾ? ಓಗಮ್ಮಾ."

"ನನ್ ಮೇಲಲ್ಲ, ಕಂಪನಿ ಮೇಲೆ ಅಂತ ತಿಳ್ಕೊಳ್ಳಿ."

"ಕಾಗ್ದದಾಗೆ ಯಾರ್ ಎಸ್ರು ಇರ್ತದೆ?"

"ನಂದು."

"ಮತ್ತೆ!"

ರವಿಯನ್ನೂ ಕರೆದುಕೊಂಡು ಹೋಗಿದ್ದೆ. ಎರಡು ತಿಂಗಳಿನಿಂದ ನೋಟಿಸು ಅಂದರೆ ಬೆಚ್ಚುತ್ತಿದ್ದ ಮನುಷ್ಯ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಕೊಡಿ ಅಮ್ಮಾ, ದಯವಿಟ್ಟು ಕೊಡಿ, ಚಪ್ಪಡಿ ನಮ್ಮದೇ ತಾನೇ," ಅಂದರು. ಪಕ್ಕದ ಮಂಚದವರು ನಮ್ಮನ್ನು ಹುಚ್ಚರ ಹಾಗೆ ನೋಡಿದರು. ಮಾರಿಯಕ್ಕ ಗೋಡೆಯ ಕಡೆ ತಿರುಗಿಕೊಂಡರು.

ಕೊನೆಗೆ ನನಗೆ ಸಿಟ್ಟು ಬಂತು. "ಆಡಿ ನಾಡಿದ್ದಿಗೆ ಮುಗಿಯುತ್ತೆ. ಮುಂದಿನ ವರ್ಷ ಹಂಡೆ ಯಾರು ತಿರುಗಿಸ್ತಾರೆ? ನೀವು ಮಂಚದ ಮೇಲಿದ್ರೆ ನಾನು ಗೇಟು ಯಾರಿಗೆ ತೆಗೀಲಿ?" ಅಂದೆ. ದನಿ ಏರಿತ್ತು, ನರ್ಸು ಬಂದು ಗದರಿಸಿದಳು. ಮಾರಿಯಕ್ಕ ಈ ಕಡೆ ತಿರುಗಿ ನನ್ನ ಮುಖವನ್ನೇ ನೋಡುತ್ತಾ ಮಲಗಿದ್ದರು.

ಆಗಸ್ಟ್ 19, ಮಂಗಳವಾರ

ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಬಂತು! ಸಹಿ ಹಾಕಿ ತಗೊಂಡೆ. ಪೋಸ್ಟಿನವರಿಗೆ ಕಾಫಿ ಕೊಟ್ಟು ಕಳಿಸಿದೆ.

ಅಮ್ಮ ಹೇಳಿದ್ದನ್ನು ಇಂದ್ರಾಣಿ ಬರೆದಿದ್ದಾಳೆ. ‘ಅರ್ಚನಮ್ಮನವರು ಬಹಳ ಒಳ್ಳೆಯವರು, ಆದರೂ ಅವರ ಚಪ್ಪಡಿ ಅಲ್ಲಾಡಿದ್ದರಿಂದ ನಾನು ಬಿದ್ದೆ’ ಅಂತ ಶುರು. ಒಂದು, ಆಸ್ಪತ್ರೆಯ ಖರ್ಚು ಕೊಡತಕ್ಕದ್ದು. ಎರಡು, ಇಡ್ಲಿ ವ್ಯಾಪಾರ ನಿಂತ ದಿನಗಳ ಸಂಪಾದನೆ ಕೊಡತಕ್ಕದ್ದು. ಮೂರು, ಮುಂದಿನ ಆಡಿಗೂ ಗೇಟು ತೆಗೆಯತಕ್ಕದ್ದು.

ಸುಮಿತಾಗೆ ಓದಿ ಹೇಳಿದೆ. "ಮೊದಲೆರಡು ಕಂಪನಿಗೆ ಬಿಡಿ. ಮೂರನೇದು ಯಾವ ಪಾಲಿಸಿಯಲ್ಲೂ ಬರಲ್ಲ, ಅದನ್ನ ನೀವೇ ಕಟ್ಕೊಡ್ಬೇಕು ಆಂಟಿ," ಅಂದಳು.

ನೋಟಿಸನ್ನು ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದೆ. ರವಿ ನೋಡಿ ಅದರ ಮೇಲೊಂದು ಹೂ ತಂದಿಟ್ಟರು.

ಆಗಸ್ಟ್ 21, ಗುರುವಾರ

ಕಂಪನಿಯ ಕಡೆಯಿಂದ, ಆದದ್ದನ್ನು ಪರಿಶೀಲಿಸಿ ವರದಿ ಬರೆಯುವ ಸರ್ವೇಯರ್ ಬಂದಿದ್ದರು. ಮರ್ಯಾದಸ್ಥರು. ಚಪ್ಪಡಿಯ ಮೇಲೆ ನಿಂತು ಎರಡು ಸಲ ‘ಟಕ್’ ಅನ್ನಿಸಿ ಫೋಟೋ ತೆಗೆದರು. ಯಾಕೆ ರಿಪೇರಿ ಮಾಡಿಸಲಿಲ್ಲ ಅಂತ ಕೇಳಿದರು. ಮೊದಲು ಆಷಾಢ ಇತ್ತು, ಆಮೇಲೆ ಆಡಿ ಬಂತು ಅಂದೆ. ಬರೆಯುತ್ತಿದ್ದ ಪೆನ್ನು ನಿಂತಿತು. ಎಚ್ಚರಿಕೆಗೆ ಏನಾದರೂ ಇಟ್ಟಿದ್ದಿರಾ? ರಂಗೋಲಿ ಹಾಕಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನೂ ಬರೆದುಕೊಂಡರು.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ಸರ್ವೇಯರ್ ಮಾರಿಯಕ್ಕನ ಮಂಚದ ಪಕ್ಕ ನಿಂತು ನನ್ನನ್ನು ಕೇಳಿದರು.

"ಇವರು ನಿಮಗೇನಾಗಬೇಕು?"

ಮಾರಿಯಕ್ಕನ ಹೊದಿಕೆಯ ಮಡಿಕೆ ಸರಿ ಮಾಡಿದೆ.

"ಸಂಬಂಧಿಕರಾ?"

"ಅಲ್ಲ."

"ಕೆಲಸಕ್ಕೆ ಬರೋರಾ?"

"ಅಲ್ಲ."

"ಮತ್ತೆ?"

ಫ್ಯಾನು ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮಾರಿಯಕ್ಕ ಹಾಸಿಗೆಯಿಂದಲೇ, "ಬಾಯ್ ಬಿಡಮ್ಮಾ, ಸಾರ್ ಕಾಯ್ತಾ ಅವ್ರೆ," ಅಂದರು.

"ಹೊರಗಿನವರು," ಅಂದೆ.

ಸರಿಯಾದ ಉತ್ತರ ಕೊಟ್ಟ ಮಗುವಿಗೆ ಮಾಡುವ ಹಾಗೆ ಮಾರಿಯಕ್ಕ ನನಗೆ ತಲೆಯಾಡಿಸಿದರು. ಬರುವಾಗ ರೈಲಿನ ಕಿಟಕಿಯ ಪಕ್ಕ ಕೂತು ಊರು ಬರುವ ತನಕ ಅತ್ತೆ. ಎಲ್ಲಾ ಸರಿಯಾಗಿಯೇ ನಡೆಯಿತು, ಅಳುವುದಕ್ಕೆ ಏನೂ ಇರಲಿಲ್ಲ. ನಿದ್ದೆ ಕೆಟ್ಟು ಹೀಗಾಗುತ್ತಿದೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ನಿನ್ನೆ ಕಂಪನಿಯವರು ಆಸ್ಪತ್ರೆಯ ಖರ್ಚಿಗೆ ಒಪ್ಪಿಗೆ ಕಳಿಸಿದರು. ಲೋಟ ತುಂಬಿತು, ಇನ್ನು ಬಟ್ಟಲು ಅಂದಳು ಸುಮಿತಾ. ನಾಳೆ ಆಪರೇಷನ್ನು.

ವೇಣು ಚಪ್ಪಡಿ ಕೂರಿಸಿದ. ಹಬ್ಬದ ದಿನ ಕೆಲಸವೇ ಅಂತ ಯಾರೂ ಕೇಳಲಿಲ್ಲ, ರವಿಯೇ ಸಿಮೆಂಟು ಕಲಸಿ ಕೊಟ್ಟರು.

ಅಕ್ಟೋಬರ್ 12, ಭಾನುವಾರ

ಬೆಳಗ್ಗೆ ರವಿ ಗೇಟಿನ ಬೀಗ ಎಲ್ಲಿ ಅಂತ ಹುಡುಕಿದರು. ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ಮುಚ್ಚಿದ ತಟ್ಟೆಯ ಮೇಲೆ ಭಾರಕ್ಕೆ ಇಟ್ಟಿದ್ದೇನೆ, ಅದು ಕಳಿಯುವ ತನಕ ಸಿಗುವುದಿಲ್ಲ ಅಂದೆ. ಯಾವಾಗ ಇಟ್ಟೆನೋ ನೆನಪಿಲ್ಲ.

ಮಧ್ಯಾಹ್ನ ಕಣ್ಣು ಹತ್ತಿತ್ತು. ಅದೇ ಛತ್ರಿ, ಅದೇ ಗಾಳಿ, ಆದರೆ ಕೋಲಿನ ಮೇಲೆ ತುಂಬ ಕೈಗಳಿದ್ದವು, ನನ್ನದು ಯಾವುದು ಅಂತ ಹುಡುಕುತ್ತಿದ್ದೆ. ಯಾರೋ ಹೊರಗಿನಿಂದ ಕೂಗಿದ ಹಾಗಾಯಿತು. ಚಪ್ಪಡಿ ಈಗ ಸದ್ದು ಮಾಡುವುದಿಲ್ಲ, ಬಂದವರು ಕೂಗಲೇಬೇಕು.

ಎದ್ದು ಹೋಗಿ ನೋಡಿದರೆ ಮಾರಿಯಕ್ಕ. ವಾಕರ್ ಹಿಡಿದು, ಇಂದ್ರಾಣಿಯನ್ನು ದೂರ ನಿಲ್ಲಿಸಿ, ಒಬ್ಬರೇ ಬೀದಿ ದಾಟಿ ಬಂದಿದ್ದರು. ಗೇಟಿನ ಒಳಗೆ ವಾಕರಿನ ಕಾಲಿನಿಂದ ಹೊಸ ಚಪ್ಪಡಿಯನ್ನು ಕುಟ್ಟಿ ನೋಡಿದರು. ಅಲ್ಲಾಡಲಿಲ್ಲ. ಅದರ ಮೇಲೇ ನಿಂತು ನನ್ನನ್ನು ನೋಡಿದರು.

"ಅವತ್ತು ಆ ಸಾರ್ ಇದ್ರು, ಸರಿಯಾಗೇ ಮಾತಾಡ್ದೆ. ಇವತ್ತು ಯಾರೂ ಇಲ್ಲ. ಈವಾಗ ಯೋಳು, ನಾನು ನಿಂಗೆ ಏನಾಗ್ಬೇಕು?"

"ಬಿಸಿಲಲ್ಲಿ ನಿಂತ್ಕೋಬೇಡ," ಅಂದೆ. "ಒಳಗೆ ಬಾ ಅಕ್ಕ."